ಟೀಚಿಂಗ್ ಸರ್ಟಿಫಿಕೇಟ್ ಇದ್ರೆ ಫಾರಿನ್ನಲ್ಲಿ ಇಂಗ್ಲಿಷ್ ಟೀಚರ್‌ಗೆ ಸಂಬಳ ಜಾಸ್ತಿ ಸಿಗುತ್ತಾ?

ಬರೀ ಆನ್‌ಲೈನ್ ಟೆಫಲ್ ಸರ್ಟಿಫಿಕೇಟ್‌ಗೆ (ಇಂಗ್ಲಿಷ್ ಮಾತೃಭಾಷೆ ಅಲ್ಲದೋರಿಗೆ ಇಂಗ್ಲಿಷ್ ಕಲಿಸೋ ತರಬೇತಿ) ಅಷ್ಟೇನೂ ಏರಲ್ಲ, ಬಿ.ಎಡ್. ಥರ ಪೂರ್ತಿ ಟೀಚರ್ ಅರ್ಹತೆ ಇದ್ರೆ ಏರುತ್ತೆ. ಯಾಕಂದ್ರೆ ಟೆಫಲ್‌ನ 120 ಗಂಟೆ ಕೋರ್ಸು ಹೆಚ್ಚಾಗಿ ಟ್ಯೂಷನ್ ಸೆಂಟರ್‌ವರೆಗೆ ಕರ್ಕೊಂಡು ಹೋಗುತ್ತೆ, ಅಲ್ಲಿ ಸುಮಾರು ಜನರ ಹತ್ರ ಅದೇ ಕಾಗದ ಇರುತ್ತೆ, ಬಿ.ಎಡ್. ಜೊತೆ ಎರಡು ವರ್ಷ ಪಾಠ ಮಾಡಿದ ಅನುಭವ ಇದ್ರೆ ಕೆಲಸ ಸಿಗೋ ಜಾಗಾನೇ ಬೇರೆ, ದುಬೈ ಕಡೆಯ ಒಳ್ಳೆ ಇಂಟರ್‌ನ್ಯಾಷನಲ್ ಸ್ಕೂಲ್‌ಗಳಲ್ಲಿ ಸಂಬಳದ ಮೇಲೆ ಮನೆ ಬಾಡಿಗೆ, ವರ್ಷಕ್ಕೊಂದ್ಸಲ ಊರಿಗೆ ಟಿಕೆಟ್, ಮಕ್ಕಳ ಫೀಸಲ್ಲಿ ರಿಯಾಯಿತಿ ಎಲ್ಲಾ ಸೇರಬಹುದು. ಸರ್ಕಾರಿ ಶಾಲೆಗಳಿಗೆ ಫಾರಿನ್ ಇಂಗ್ಲಿಷ್ ಟೀಚರ್‌ಗಳನ್ನ ತಗೊಳ್ಳೋ ದಕ್ಷಿಣ ಕೊರಿಯಾ ಸರ್ಕಾರದ ಎಪಿಕ್ ಯೋಜನೆಯಲ್ಲೂ ಟೀಚಿಂಗ್ ಲೈಸೆನ್ಸ್ ಇದ್ದೋರಿಗೆ ಸಂಬಳದ ಲೆವೆಲ್ ಮೇಲಿಂದು. ಪಾಸ್‌ಪೋರ್ಟ್ ಯಾವ ದೇಶದ್ದು ಅಂತಾನೂ ಎಷ್ಟೋ ಕಡೆ ನೋಡ್ತಾರೆ, ನನಗಂತೂ ಇದು ದೊಡ್ಡ ಅನ್ಯಾಯ ಅನ್ಸುತ್ತೆ, ಅದಕ್ಕೇ ನಮ್ಮವರಿಗೆ ಬಿ.ಎಡ್. ಇನ್ನೂ ಮುಖ್ಯ. ದುಡ್ಡು ಹಾಕೋದಿದ್ರೆ ಅದಕ್ಕೇ ಹಾಕಿ.