ಭಾರದ ಪಿಸ್ತೂಲು ದಿನವಿಡೀ ಸೊಂಟದಲ್ಲಿ: ಗನ್ ಮಾರುವ ಮೊದಲು ಬೆಲ್ಟ್ ಬದಲಿಸಿ

ನೀವು ಕೇಳಿದ್ದು ಇಷ್ಟು. ಅರಿಜೋನಾದಲ್ಲಿ ಇದ್ದೀರಿ, ಗ್ರೀನ್ ಕಾರ್ಡ್ ಇದೆ, 1911 ಅನ್ನುವ ಮಾದರಿಯ ಪೂರ್ತಿ ಸ್ಟೀಲಿನ ದೊಡ್ಡ ಪಿಸ್ತೂಲ್ ತಗೊಂಡಿದ್ದೀರಿ. ಬೆಳಗ್ಗೆ ಸೊಂಟಕ್ಕೆ ಹಾಕಿಕೊಂಡರೆ ಮಧ್ಯಾಹ್ನದ ಹೊತ್ತಿಗೆ ಪ್ಯಾಂಟ್ ಒಂದು ಕಡೆ ಜಾರುತ್ತದೆ, ಬಲಗಡೆ ಸೊಂಟ ನೋಯುತ್ತದೆ. ಇದನ್ನು ಮಾರಿ ಚಿಕ್ಕದು ತಗೊಳ್ಳಲಾ ಅಂತ ಕೇಳಿದ್ದೀರಿ. ಈಗಲೇ ಮಾರಬೇಡಿ.

ನಾನು ಇಲ್ಲೇ ಅರಿಜೋನಾದ ಫೀನಿಕ್ಸ್ ನಗರದ ಹತ್ತಿರ ಒಂದು ಶೂಟಿಂಗ್ ರೇಂಜ್‌ನಲ್ಲಿ ಸೇಫ್ಟಿ ಆಫೀಸರ್ ಆಗಿ ಕೆಲಸ ಮಾಡುತ್ತೇನೆ. ನಿಮ್ಮಂಥದ್ದೇ 1911 ನನ್ನ ಸೊಂಟದಲ್ಲೂ ಇರುತ್ತದೆ, ಶಿಫ್ಟ್ ಪೂರ್ತಿ ನಿಂತೇ ಇರುತ್ತೇನೆ. ಸೊಂಟ ನೋಯುತ್ತದೆ ಅಂತ ಬರುವವರನ್ನು ನಾನು ಮೊದಲು ಕೇಳುವುದು ಗನ್ ಬಗ್ಗೆ ಅಲ್ಲ, ಬೆಲ್ಟ್ ತೋರಿಸಿ ಅಂತ. ಬಹಳ ಸಲ ಅದು ಆಫೀಸಿಗೆ ಹಾಕಿಕೊಂಡು ಹೋಗುವ ಮಾಮೂಲಿ ಬೆಲ್ಟೇ ಆಗಿರುತ್ತದೆ.

ಲೆಕ್ಕ ನೋಡಿ. 5 ಇಂಚು ಬ್ಯಾರೆಲ್ಲಿನ 1911 ಖಾಲಿ ಇದ್ದಾಗಲೇ ಸುಮಾರು 1.1 ಕಿಲೋ. ಗುಂಡಿನ ಡಬ್ಬಿ, ಅಂದರೆ ಮ್ಯಾಗಜೀನ್ ತುಂಬಿ, ಬ್ಯಾರೆಲ್ಲಿನ ಹಿಂದಿನ ಚೇಂಬರಿನಲ್ಲೂ ಒಂದು ಗುಂಡು ಇದ್ದರೆ 1.3 ಕಿಲೋ ಹತ್ತಿರ ಬರುತ್ತದೆ. ಆರೋಗ್ಯವಾಗಿರುವ ಮನುಷ್ಯನಿಗೆ ಇದು ದೊಡ್ಡ ಭಾರ ಏನಲ್ಲ. ಆದರೆ ಅಷ್ಟೂ ಭಾರ ಬೆಲ್ಟಿನ ಒಂದೇ ಜಾಗದಲ್ಲಿ ಜೋತು ಬಿದ್ದರೆ ಆ ಜಾಗ ಕೆಳಗೆ ಬಗ್ಗುತ್ತದೆ, ಗನ್ನಿನ ಹಿಡಿ ಹೊರಗೆ ವಾಲುತ್ತದೆ, ಹೆಜ್ಜೆ ಹೆಜ್ಜೆಗೂ ಓಲಾಡುತ್ತದೆ. ಅದನ್ನು ತಡೆಯೋದಕ್ಕೆ ನೀವು ಬೆಲ್ಟನ್ನು ಇನ್ನೊಂದು ತೂತು ಬಿಗಿ ಮಾಡುತ್ತೀರಿ. ಆಗ ಸೊಂಟದ ಮೂಳೆ ಮೇಲೆ ಒತ್ತುತ್ತದೆ, ನೋವು ಶುರುವಾಗುತ್ತದೆ. ನಮ್ಮ ಕಡೆ ಬಾವಿಯಿಂದ ನೀರು ತರುವ ಹೆಂಗಸರು ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡೇ ನಡೆಯುತ್ತಿದ್ದರು, ಅಲ್ವಾ? ಮೈಗೆ ಅಂಟಿದ ಭಾರ ಹಗುರ ಅನ್ನಿಸುತ್ತದೆ, ದೂರ ಸರಿದಷ್ಟೂ ಜಗ್ಗುತ್ತದೆ.

ಅದಕ್ಕೇ ಗನ್ ಬೆಲ್ಟ್ ಅಂತಲೇ ಬೇರೆ ಮಾರುತ್ತಾರೆ. ಒಂದೂವರೆ ಇಂಚು ಅಗಲ, ಎರಡು ಪದರ ಚರ್ಮ ಹೊಲಿದಿರುತ್ತಾರೆ, ಕೆಲವದರಲ್ಲಿ ನಡುವೆ ಗಟ್ಟಿ ಪ್ಲಾಸ್ಟಿಕ್ ಅಥವಾ ತೆಳು ಸ್ಪ್ರಿಂಗ್ ಸ್ಟೀಲಿನ ಪಟ್ಟಿ ಇರುತ್ತದೆ. ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ಉದ್ದಕ್ಕೆ ತಿರುಚಿ ನೋಡಿ. ಸುಲಭವಾಗಿ ತಿರುಚಿಕೊಂಡರೆ ಅದು ಬೇಡ. ಹೋಲ್‌ಸ್ಟರ್, ಅಂದರೆ ಗನ್ ಇಡುವ ಒರೆಯಲ್ಲಿ ಬೆಲ್ಟ್ ತೂರಿಸುವ ಕಿಂಡಿಯೂ ಅದೇ ಅಗಲಕ್ಕೆ ಇರಬೇಕು. ಒಂದೂಮುಕ್ಕಾಲು ಇಂಚಿನ ಕಿಂಡಿಗೆ ಒಂದೂವರೆ ಇಂಚಿನ ಬೆಲ್ಟ್ ಹಾಕಿದರೆ ಆ ಕಾಲು ಇಂಚು ಸಡಿಲದಲ್ಲೇ ಇಡೀ ದಿನ ಅಲ್ಲಾಡುತ್ತದೆ. ಗನ್ನಿಗೆ ಸಾವಿರ ಡಾಲರ್ ಕೊಟ್ಟವರು ಬೆಲ್ಟಿಗೆ ನೂರು ಡಾಲರ್ ಕೊಡಲು ಹಿಂದೆಮುಂದೆ ನೋಡುತ್ತಾರೆ. ನನ್ನ ಮಾತು ಕೇಳಿ, ಆ ನೂರು ಡಾಲರ್ ಮೊದಲು ಖರ್ಚು ಮಾಡಿ.

ಆಮೇಲೆ ಹೋಲ್‌ಸ್ಟರ್. ನಿಮ್ಮದು ಒಂದೇ ಕಡೆಯಿಂದ ನೇತಾಡುವಂಥದ್ದಾದರೆ ಬದಲಿಸಿ. ಪ್ಯಾನ್‌ಕೇಕ್ ಅಂತ ಒಂದು ಬಗೆ ಇದೆ, ಗನ್ನಿನ ಮುಂದೆ ಒಂದು, ಹಿಂದೆ ಒಂದು ಕಿಂಡಿ. ಬೆಲ್ಟ್ ಎರಡೂ ಕಡೆಯಿಂದ ಎಳೆದು ಗನ್ನನ್ನು ಪಕ್ಕೆಗೆ ಒತ್ತಿ ಇಡುತ್ತದೆ, ಭಾರವೂ ಹಂಚಿಹೋಗುತ್ತದೆ. ಹಳೇ ಮಿಲಿಟರಿ ಶೈಲಿಯ ಮುಚ್ಚಳದ ಹೋಲ್‌ಸ್ಟರ್ ನೋಡಲು ಚೆನ್ನಾಗಿದೆ ಅಂತ 1911 ಕೊಂಡವರು ಅದನ್ನೇ ತಗೊಳ್ಳುತ್ತಾರೆ. ಅದು ಕೆಳಗೆ ನೇತಾಡುವ ಹಾಗೇ ಮಾಡಿದ್ದು, ಅದಕ್ಕೇ ತೊಡೆಗೆ ಕಟ್ಟಲು ತುದಿಯಲ್ಲಿ ದಾರ ಇರುತ್ತದೆ. ಸೈನಿಕನಿಗೆ ಸರಿ, ಕಾರಲ್ಲಿ ಕೂತು ಆಫೀಸಿಗೆ ಹೋಗುವವರಿಗೆ ಸರಿ ಹೋಗಲ್ಲ. ಇನ್ನೊಂದು ಮುಖ್ಯ ವಿಷಯ, ಟ್ರಿಗರ್ ಪೂರ್ತಿ ಮುಚ್ಚಿರಲೇಬೇಕು. ಹಳತಾಗಿ ಮೆತ್ತಗಾದ ಚರ್ಮದ ಬಾಯಿ ಒಳಕ್ಕೆ ಮಡಚಿಕೊಂಡರೆ ಗನ್ ಒಳಗೆ ಇಡುವಾಗ ಅದೇ ಟ್ರಿಗರ್ ಒತ್ತಿಬಿಡಬಹುದು. ಅಂಥದ್ದನ್ನು ಎಷ್ಟೇ ಇಷ್ಟವಾಗಿದ್ದರೂ ಬಿಸಾಡಿ.

ಎಲ್ಲಿ ಇಡಬೇಕು? ಹೊಕ್ಕುಳನ್ನು 12 ಗಂಟೆ ಅಂದುಕೊಳ್ಳಿ. ಬಲಗೈಯವರಿಗೆ ಸರಿಯಾಗಿ 3 ಗಂಟೆ ಜಾಗದಲ್ಲಿ ಸೊಂಟದ ಮೂಳೆ ಎದ್ದಿರುತ್ತದೆ. ಅದರ ಸ್ವಲ್ಪ ಹಿಂದೆ, ಮೂರೂವರೆಯಿಂದ ನಾಲ್ಕರ ನಡುವೆ ಒಂದು ತಗ್ಗು ಸಿಗುತ್ತದೆ, ಕೈ ಇಟ್ಟು ನೋಡಿ. ದೊಡ್ಡ ಗನ್ ಅಲ್ಲಿ ಕೂತರೆ ಮೂಳೆಗೆ ಉಜ್ಜುವುದಿಲ್ಲ. ಹಿಡಿ ಸ್ವಲ್ಪ ಮುಂದಕ್ಕೆ ಬಾಗಿರುವ ಹೋಲ್‌ಸ್ಟರ್ ಆದರೆ ಅಂಗಿಯ ಕೆಳಗೆ ಎದ್ದು ಕಾಣುವುದೂ ಕಡಿಮೆ. ಬೆನ್ನಿನ ಮಧ್ಯಕ್ಕೆ, ಅಂದರೆ 6 ಗಂಟೆಗೆ, ಯಾರು ಹೇಳಿದರೂ ಇಡಬೇಡಿ. ಜಾರಿ ಅಂಗಾತ ಬಿದ್ದರೆ ಒಂದು ಕಿಲೋ ಉಕ್ಕು ನೇರ ಬೆನ್ನುಮೂಳೆಗೆ ತಾಗುತ್ತದೆ.

ಎಡಗಡೆಗೂ ಸ್ವಲ್ಪ ಭಾರ ಕೊಡಿ. ತುಂಬಿದ ಎರಡು ಮ್ಯಾಗಜೀನ್ ಅಲ್ಲಿದ್ದರೆ ಅರ್ಧ ಕಿಲೋ ಹತ್ತಿರ ಬರುತ್ತದೆ, ಒಂದೇ ಕಡೆ ವಾಲುವುದು ನಿಲ್ಲುತ್ತದೆ. ಒಟ್ಟು ಭಾರ ಜಾಸ್ತಿ ಆದರೂ ನೋವು ಕಡಿಮೆ ಆಗುವುದನ್ನು ನೀವೇ ನೋಡುತ್ತೀರಿ. ಪ್ಯಾಂಟ್ ಇನ್ನೂ ಜಾರಿದರೆ ಅಂಗಿಯೊಳಗೆ ಸಸ್ಪೆಂಡರ್ (ಪ್ಯಾಂಟನ್ನು ಭುಜದಿಂದ ಎತ್ತಿ ಹಿಡಿಯುವ ಪಟ್ಟಿ) ಹಾಕಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಭುಜದ ಮೇಲೆ ಭಾರ ಹಾಕುವ ಇಂಥದ್ದೇ ಒಂದು ಬೆಲ್ಟ್ ನಮ್ಮ ದೇಶದಲ್ಲೇ ಹುಟ್ಟಿದ್ದು. ಇಲ್ಲಿ ಪೊಲೀಸರ ಬೆಲ್ಟಿಗೆ ಸ್ಯಾಮ್ ಬ್ರೌನ್ ಅನ್ನುತ್ತಾರಲ್ಲ, ಆ ಬ್ರೌನ್ ಬ್ರಿಟಿಷ್ ಇಂಡಿಯಾದ ಸೇನೆಯಲ್ಲಿದ್ದ. 1858ರಲ್ಲಿ ಸಿಪಾಯಿ ದಂಗೆಯ ಸಮಯದ ಕಾಳಗವೊಂದರಲ್ಲಿ ಎಡಗೈ ಕಳೆದುಕೊಂಡ. ಕತ್ತಿಯ ಒರೆಯನ್ನು ಹಿಡಿದುಕೊಳ್ಳಲು ಕೈ ಇರಲಿಲ್ಲ, ಅದಕ್ಕೆ ಭುಜದಿಂದ ಅಡ್ಡ ಪಟ್ಟಿ ಹಾಕಿ ಬೆಲ್ಟಿಗೆ ಆಸರೆ ಕೊಟ್ಟ. ನಮ್ಮೂರಿನ ಪಿಎಸ್ಐಗಳ ಎದೆ ಮೇಲೆ ಕಾಣುತ್ತಿದ್ದ ಕ್ರಾಸ್ ಬೆಲ್ಟ್ ಅದೇ.

ಕೂರುವುದು ಇನ್ನೊಂದು ಕಷ್ಟ. ಕೈ ಇರುವ ಕುರ್ಚಿಗಳಲ್ಲಿ ಹಿಡಿ ಸಿಕ್ಕಿಹಾಕಿಕೊಳ್ಳುತ್ತದೆ, ಸಾಧ್ಯವಾದರೆ ಕೈ ಇಲ್ಲದ ಕುರ್ಚಿ ನೋಡಿಕೊಳ್ಳಿ. ಇಲ್ಲಿನ ಕಾರುಗಳಲ್ಲಿ ಡ್ರೈವರ್ ಸೀಟ್ ಬೆಲ್ಟಿನ ಬಕಲ್ ಬಲಗಡೆಯೇ ಇರುವುದರಿಂದ ಹೋಲ್‌ಸ್ಟರಿಗೆ ತಾಗುತ್ತದೆ. ಮೊದಲು ಬಕಲ್ ಹಾಕಿ, ಆಮೇಲೆ ಅಂಗಿಯನ್ನು ಮೇಲೆ ಬಿಡಿ. ಟಾಯ್ಲೆಟ್ಟಿನ ಬಗ್ಗೆ ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ, ಆದರೆ ನಾನು ಹೇಳಿಯೇ ಹೇಳುತ್ತೇನೆ. ಗನ್ನನ್ನು ಹೋಲ್‌ಸ್ಟರಿನಿಂದ ತೆಗೆಯಬೇಡಿ, ಫ್ಲಶ್ ಟ್ಯಾಂಕ್ ಮೇಲೆ ಖಂಡಿತ ಇಡಬೇಡಿ. ಅಲ್ಲೇ ಮರೆತು ಎದ್ದು ಹೋಗುವವರು ಇದ್ದಾರೆ, ಮುಂದೆ ಬರುವುದು ಒಂದು ಮಗು ಆಗಿರಬಹುದು. ಪ್ಯಾಂಟ್ ಇಳಿಸಿದ ಮೇಲೆ ಬೆಲ್ಟಿನ ಬಕಲನ್ನು ಮೊಣಕಾಲ ಮಟ್ಟದಲ್ಲಿ ಮತ್ತೆ ಹಾಕಿದರೆ ಗನ್ ಹೋಲ್‌ಸ್ಟರಿನಲ್ಲೇ ಇರುತ್ತದೆ, ನೆಲಕ್ಕೆ ಬೀಳುವುದಿಲ್ಲ.

ನಿಮ್ಮ ನೋವು ಸೊಂಟದಲ್ಲೇ ಇದೆಯಾ, ಇಲ್ಲ ತೊಡೆಯ ಹೊರಭಾಗ ಜುಮ್ ಅನ್ನುವುದು, ಉರಿಯುವುದು, ಮರಗಟ್ಟುವುದು ಇದೆಯಾ ಗಮನಿಸಿ. ಬಿಗಿ ಬೆಲ್ಟ್ ತೊಡೆಯ ಚರ್ಮಕ್ಕೆ ಹೋಗುವ ಒಂದು ನರವನ್ನು ಒತ್ತಿದರೆ ಹೀಗೆ ಆಗುತ್ತದೆ, ಭಾರದ ಬೆಲ್ಟ್ ಕಟ್ಟುವ ಪೊಲೀಸರಲ್ಲೂ ಕಂಡುಬರುವ ತೊಂದರೆ ಇದು. ಹಾಗಿದ್ದರೆ ಮೊದಲು ಬೆಲ್ಟ್ ಸಡಿಲ ಮಾಡಿ, ಕಡಿಮೆ ಆಗದಿದ್ದರೆ ಡಾಕ್ಟರಿಗೆ ತೋರಿಸಿ. ಸಹಿಸಿಕೊಂಡು ಸುಮ್ನೆ ಇರಬೇಡಿ.

ಬೇಸಿಗೆಯ ಮಾತು ಬೇರೆ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಬಿಸಿಲು 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ಆ ಬೆವರಿಗೆ ಸಾದಾ ಸ್ಟೀಲು ಬೇಗ ತುಕ್ಕು ಹಿಡಿಯುತ್ತದೆ. ರಾತ್ರಿ ಗುಂಡು ತೆಗೆದು, ಚೇಂಬರ್ ನೋಡಿ, ಎಣ್ಣೆ ಬಟ್ಟೆಯಲ್ಲಿ ಒರೆಸಿಡಿ. ಒಳಗೆ ಬನಿಯನ್ ಹಾಕಿ, ಬರಿ ಮೈಗೆ ಹೋಲ್‌ಸ್ಟರ್ ಉಜ್ಜಿದರೆ ಗಾಯ ಆಗುತ್ತದೆ.

ಕಾನೂನಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಇದನ್ನು ಓದುವ ನಮ್ಮವರಲ್ಲಿ ಎಚ್1ಬಿ ವೀಸಾದವರೂ ಇರುತ್ತಾರೆ. ಗ್ರೀನ್ ಕಾರ್ಡ್ ಇರುವ ನಿಮಗೆ ತೊಂದರೆ ಇಲ್ಲ. ಎಚ್1ಬಿ (ಕೆಲಸದ), ಎಫ್1 (ವಿದ್ಯಾರ್ಥಿ) ವೀಸಾದವರಿಗೆ ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಗನ್ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ವಕೀಲರನ್ನು ಕೇಳದೆ ಮುಟ್ಟಬೇಡಿ. ಅರಿಜೋನಾದಲ್ಲಿ 21 ತುಂಬಿದವರು ಪರ್ಮಿಟ್ ಇಲ್ಲದೆ ಅಂಗಿಯೊಳಗೆ ಇಟ್ಟುಕೊಳ್ಳಬಹುದು, 2010ರಿಂದ ಹಾಗಿದೆ. ಆದರೂ ಪರ್ಮಿಟ್ ಮಾಡಿಸಿ. ಕೂತು ಮದ್ಯ ಕುಡಿಯುವ ವ್ಯವಸ್ಥೆ ಇರುವ ರೆಸ್ಟೋರೆಂಟ್ ಒಳಗೆ ಪರ್ಮಿಟ್ ಇಲ್ಲದೆ ಗನ್ ಒಯ್ಯುವಂತಿಲ್ಲ, ಪರ್ಮಿಟ್ ಇದ್ದರೂ ಅಂಗಿಯೊಳಗೇ ಇರಬೇಕು, ನೀವು ಕುಡಿಯುವಂತಿಲ್ಲ. ಪರ್ಮಿಟ್ ಇಲ್ಲದಿದ್ದರೆ ಊಟಕ್ಕೆ ಹೋದಾಗಲೆಲ್ಲ ತೆಗೆದು ಕಾರಲ್ಲಿ ಇಡಬೇಕು, ಹಾಗೆ ಪದೇ ಪದೇ ತೆಗೆದು ಹಾಕುವಾಗಲೇ ಅಪಾಯ ಜಾಸ್ತಿ. ತೆಗೆಯಲೇಬೇಕಾದರೆ ಹೋಲ್‌ಸ್ಟರ್ ಸಮೇತ ತೆಗೆದು ಕಾರಿನ ಲಾಕ್ ಬಾಕ್ಸಿನಲ್ಲಿ ಇಡಿ.

ಬೆಲ್ಟ್, ಹೋಲ್‌ಸ್ಟರ್ ಬದಲಿಸಿ ಒಂದೆರಡು ವಾರ ನೋಡಿ. ಆಮೇಲೂ ನೋವು ಹೋಗದಿದ್ದರೆ ಅಲ್ಯೂಮಿನಿಯಂ ಫ್ರೇಮಿನ ಕಮ್ಯಾಂಡರ್ ಸೈಜ್ (ಬ್ಯಾರೆಲ್ ಸ್ವಲ್ಪ ಗಿಡ್ಡ ಇರುವ) 1911 ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಕಾಲು ಕಿಲೋಗಿಂತ ಜಾಸ್ತಿ ಹಗುರ, ಬಳಸುವ ರೀತಿ ಅದೇ. ಹಗುರವಾದಷ್ಟೂ ಹೊಡೆದಾಗ ಕೈಗೆ ಒದೆತ ಜಾಸ್ತಿ ಇರುತ್ತದೆ, ಅದಕ್ಕೇ ಕೊಳ್ಳುವ ಮೊದಲು ರೇಂಜಿನಲ್ಲಿ ಬಾಡಿಗೆಗೆ ತಗೊಂಡು ಒಂದು ಬಾಕ್ಸ್ ಗುಂಡು ಹೊಡೆದು ನೋಡಿ.