ಎದುರು ಕಟ್ಟಡದ ಮೂರು ದೀಪ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಇಂಗ್ಲೆಂಡಿನಲ್ಲಿದ್ದು ಅಲ್ಲಿಯ ಪೌರತ್ವ ಪಡೆದ ಹಾಸನ ಕಡೆಯ ದಂಪತಿ. ಪತಿಗೆ 67 ವರ್ಷ, ಪತ್ನಿಗೆ 63. ಸ್ಪೇನಿನ ಮುರ್ಸಿಯಾ ಪ್ರಾಂತ್ಯದಲ್ಲಿ, ಮಾರ್ ಮೆನೋರ್ ಎಂಬ ಉಪ್ಪುನೀರಿನ ಸರೋವರಕ್ಕೆ ಹತ್ತಿರದ ಗಾಲ್ಫ್ ರೆಸಾರ್ಟಿನಲ್ಲಿ ಮನೆ ಕೊಂಡು ನೆಲೆಸುವುದು ಪತಿಯ ಬಹುಕಾಲದ ಆಸೆಯಾಗಿತ್ತು. ಮುಂಗಡ ಕೊಡುವ ದಿನ ಹತ್ತಿರವಾದಂತೆ ನಿದ್ದೆ ಕಳೆದುಕೊಂಡ ಪತ್ನಿ ಆಪ್ತ ಸಮಾಲೋಚಕಿಯಾದ ನನ್ನ ಬಳಿ ಆನ್‌ಲೈನ್ ಭೇಟಿ ಕೇಳಿದರು. ಕನ್ನಡದವರೇ ಏಕೆ ಬೇಕೆಂದು ವಿಚಾರಿಸಿದಾಗ, “ಇಂಗ್ಲಿಷಿನಲ್ಲಿ ಹೇಳಿದರೆ ಇವರ ಮೇಲೆ ದೂರು ಕೊಟ್ಟ ಹಾಗಾಗುತ್ತೆ ಮೇಡಂ” ಎಂದರು.

ಅವರು ಆ ಜಾಗವನ್ನು ಎರಡು ಬಾರಿ ನೋಡಿದ್ದರು. ಮೇ ತಿಂಗಳಲ್ಲಿ ಎಲ್ಲವೂ ಚೆನ್ನಾಗಿತ್ತು. ನವೆಂಬರಿನಲ್ಲಿ ಆರು ದಿನ ಇದ್ದಾಗ ಒಂದು ಸಂಜೆ ಏಳು ಗಂಟೆಗೆ ಪತ್ನಿ ಬಾಲ್ಕನಿಯಲ್ಲಿ ನಿಂತು ಎದುರು ಕಟ್ಟಡದ ಕಿಟಕಿಗಳನ್ನು ಎಣಿಸಿದರಂತೆ: ಇಪ್ಪತ್ತನಾಲ್ಕು ಕಿಟಕಿ, ದೀಪವಿದ್ದದ್ದು ಮೂರರಲ್ಲಿ. 2008ರ ಕುಸಿತಕ್ಕೆ ಮುಂಚಿನ ಕಟ್ಟಡ ನಿರ್ಮಾಣದ ಭರಾಟೆಯಲ್ಲಿ ಎದ್ದ ಇಂಥ ರೆಸಾರ್ಟುಗಳಲ್ಲಿ ಎಷ್ಟೋ ಮನೆಗಳು ಉತ್ತರ ಯುರೋಪಿನವರ ರಜೆಯ ಮನೆಗಳಾದ್ದರಿಂದ ಇದು ಅಚ್ಚರಿಯಲ್ಲ. ರಸ್ತೆಯ ಬಲಬದಿಯಲ್ಲಿ ಕಾರು ಓಡಿಸಲು ಪತ್ನಿಗೆ ಭಯ. ಕೊತ್ತಂಬರಿ ಸೊಪ್ಪಿಗೂ ಪತಿಯ ಕಾರನ್ನೇ ಕಾಯಬೇಕು.

“ಇವಳಿಗೆ ಎಲ್ಲಿ ಹೋದರೂ ಒಂದು ಕೊರತೆ ಕಾಣುತ್ತೆ” ಎಂದು ಪತಿ ಎರಡನೆಯ ಭೇಟಿಯಲ್ಲಿ ಹೇಳಿದಾಗ ನನಗೆ ಒಳಗೊಳಗೇ ಸಿಟ್ಟು ಬಂದದ್ದು ನಿಜ. ಮೂರನೆಯ ಭೇಟಿಯಲ್ಲಿ ಅವರೊಬ್ಬರೇ ಮಾತನಾಡಿದರು. ಇಪ್ಪತ್ತು ವರ್ಷ ರಾತ್ರಿ ಪಾಳಿ ಮಾಡಿದವರು. ಚಳಿಗಾಲದಲ್ಲಿ ಕತ್ತಲಲ್ಲಿ ಹೋಗಿ ಕತ್ತಲಲ್ಲೇ ಮನೆಗೆ ಬಂದವರು. ತಂದೆ ತೀರಿಕೊಂಡದ್ದು 68ಕ್ಕೆ. ಅವರಿಗೆ ಬೇಕಾಗಿದ್ದುದು ಗಾಲ್ಫಿಗಿಂತ ಹೆಚ್ಚಾಗಿ ಬಿಸಿಲು, ಅದೂ ತಡವಾಗುವ ಮೊದಲು. ಇದನ್ನು ಪತ್ನಿಗೆ ಅವರು ಒಮ್ಮೆಯೂ ಹೇಳಿರಲಿಲ್ಲ.

ಕಾಗದಪತ್ರಗಳ ವಿಷಯಕ್ಕೆ ವಕೀಲರನ್ನೇ ಕಾಣಬೇಕೆಂದು ಹೇಳಿದೆನಾದರೂ, ಒಂದು ಸಂಗತಿಯನ್ನು ನಾನೇ ಎತ್ತಬೇಕಾಯಿತು. ಬ್ರಿಟನ್ ಯುರೋಪ್ ಒಕ್ಕೂಟದಲ್ಲಿದ್ದಾಗ ಗೆಳೆಯರೊಬ್ಬರು ಹೋದಷ್ಟೇ ಸುಲಭವಾಗಿ ತಾವೂ ಹೋಗಬಹುದೆಂದು ಪತಿ ನಂಬಿದ್ದರು. 2021ರಿಂದ ಬ್ರಿಟಿಷರಿಗೆ ವೀಸಾ ಇಲ್ಲದೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಅವಕಾಶ. ಅದಕ್ಕಿಂತ ಹೆಚ್ಚು ಇರಲು ನಿವೃತ್ತರು ಸಾಮಾನ್ಯವಾಗಿ ಪಡೆಯುವ ವೀಸಾಕ್ಕೆ, 2025ರ ಲೆಕ್ಕದಲ್ಲಿ, ಒಬ್ಬರಿಗೆ ತಿಂಗಳಿಗೆ 2,400 ಯೂರೋ, ಸಂಗಾತಿಗೆ ಇನ್ನೂ 600 ಯೂರೋ ಆದಾಯ ತೋರಿಸಬೇಕು. ಪಿಂಚಣಿಯಿಂದ ಅದು ಆಗುತ್ತಿತ್ತು. ಆದರೆ ಆ ವೀಸಾದಲ್ಲಿ ದುಡಿಯುವಂತಿಲ್ಲ. ಪತ್ನಿ ಮನೆಯಿಂದಲೇ ಒಂದು ಚಿಕ್ಕ ಸಂಸ್ಥೆಯ ಲೆಕ್ಕಪತ್ರ ಬರೆಯುತ್ತಿದ್ದರು. ಇವರ ಆಸೆಗಾಗಿ ಅವರು ತಮ್ಮದೆಂದು ಉಳಿದಿದ್ದ ಒಂದೇ ಕೆಲಸವನ್ನು ಬಿಡಬೇಕಾಗುತ್ತಿತ್ತು, ಮತ್ತು ಇಬ್ಬರೂ ಅದನ್ನು ಯೋಚಿಸಿರಲಿಲ್ಲ.

ನಾನು ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು, ಈಗಲೇ ಮುಂಗಡ ಕೊಡದೆ ಆ 90 ದಿನಗಳನ್ನೇ ನವೆಂಬರಿನಿಂದ ಬಳಸಿಕೊಂಡು, ಅರ್ಧ ಕಾಲ ರೆಸಾರ್ಟಿನಲ್ಲೂ ಅರ್ಧ ಕಾಲ ಅದೇ ಪ್ರಾಂತ್ಯದ ಕಾರ್ಟಹೇನಾ ನಗರದಲ್ಲೂ ಬಾಡಿಗೆಗೆ ಇದ್ದು ನೋಡಬೇಕೆಂಬುದು. ಪ್ರವಾಸಿಗರಂತೆ ಅಲ್ಲ, ಸಾಮಾನು ತಂದು ಅಡಿಗೆ ಮಾಡಿಕೊಂಡು. ವಾರಕ್ಕೆ ಮೂರು ದಿನವಾದರೂ ಪತ್ನಿ ಒಬ್ಬರೇ ಹೊರಗೆ ಹೋಗಿಬರಬೇಕು, ಹೋಗಲಾಗದ ದಿನ ಕಾರಣವನ್ನು ಬರೆದಿಡಬೇಕು ಎಂದೆ. ಜೊತೆಗೆ ಇಬ್ಬರನ್ನೂ ಬೇರೆಬೇರೆಯಾಗಿ ಒಂದೇ ಪ್ರಶ್ನೆ ಕೇಳಿದೆ: ಇನ್ನೊಬ್ಬರು ಇಲ್ಲವಾದರೆ ನೀವು ಅಲ್ಲಿರುತ್ತೀರಾ? ಪತ್ನಿ ತಕ್ಷಣ ಇಲ್ಲವೆಂದರು. ಪತಿ ಒಂದು ವಾರದ ನಂತರವೂ ಉತ್ತರಿಸಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಅವರು ಹೋಗಿಬಂದರು. ಕ್ರಿಸ್‌ಮಸ್ಸಿಗೆ ಜೊತೆಯ ಆಟಗಾರರೆಲ್ಲ ಊರಿಗೆ ಹೋದ ಮೇಲೆ ರೆಸಾರ್ಟಿನ ವಾಸವನ್ನು ಮೊಟಕುಗೊಳಿಸಿದ್ದು ಪತಿಯೇ. ಕಾರ್ಟಹೇನಾದಲ್ಲಿ ರೋಮನ್ ರಂಗಮಂದಿರದಿಂದ ನಡೆದುಹೋಗುವಷ್ಟು ದೂರದಲ್ಲಿ ಸಿಕ್ಕ ಮನೆಯಿಂದ ಪತ್ನಿ ಮಾರುಕಟ್ಟೆಗೂ ಸ್ಪ್ಯಾನಿಷ್ ತರಗತಿಗೂ ಕಾಲ್ನಡಿಗೆಯಲ್ಲೇ ಹೋಗತೊಡಗಿದರು. ಮುಂದಿನ ಚಳಿಗಾಲಕ್ಕೂ ಅದೇ ಮನೆಯನ್ನು ಬಾಡಿಗೆಗೆ ಕೇಳಿದ್ದಾರೆ. ಗಾಲ್ಫಿಗೆ ಹೋಗಲು ಅರ್ಧ ಗಂಟೆ ಬೇಕೆಂದು ಪತಿ ಗೊಣಗುತ್ತಾರೆ. ಲೆಕ್ಕ ಬರೆಯುವ ಕೆಲಸ ಬಿಡಲು ಪತ್ನಿ ಇನ್ನೂ ಒಪ್ಪಿಲ್ಲವಾದ್ದರಿಂದ ವೀಸಾ ಅರ್ಜಿ ಹಾಗೆಯೇ ಇದೆ. ಅವರ ನಿದ್ದೆ ಮಾತ್ರ ರಾತ್ರಿಗೆ ಐದು ಗಂಟೆಗಳಷ್ಟಾಗಿದೆ.