ಓದುಗರ ಪ್ರಶ್ನೆ: ಅಕ್ಕ-ತಂಗಿ ಇಟಲಿಗೆ ಹೊರಟರೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇಟಲಿಯ ಬಗ್ಗೆ. ಗಂಡ-ಹೆಂಡತಿಯೂ ಅಲ್ಲ, ದೊಡ್ಡ ಗುಂಪೂ ಅಲ್ಲ. ಅಕ್ಕ-ತಂಗಿ, ಅಣ್ಣ-ತಮ್ಮ, ಹೀಗೆ ಒಡಹುಟ್ಟಿದವರು ಇಬ್ಬರೇ ಹೊರಟವರು. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ನಾನು, ನನ್ನ ತಂಗಿ ಎಂಟು ರಾತ್ರಿಗಳ ಲೆಕ್ಕದಲ್ಲಿ ಹೊರಟಿದ್ದೇವೆ. ರೋಮ್, ಫ್ಲಾರೆನ್ಸ್, ವೆನಿಸ್ ಬೇಕೇ ಬೇಕು. ಆದರೆ ಪೀಸಾ, ಮಿಲಾನ್ ಕೂಡ. ಎಲ್ಲಿ ಎಷ್ಟು ದಿನ? ಯಾವ ಟಿಕೆಟ್ ಮೊದಲೇ ತೆಗೆದುಕೊಳ್ಳಬೇಕು?

ಉತ್ತರ: ಮಿಲಾನ್ ಬಿಡಿ. ಪೀಸಾಗೆ ಅರ್ಧ ದಿನ ಸಾಕು. ರೋಮ್‌ಗೆ ನಾಲ್ಕು ರಾತ್ರಿ, ಫ್ಲಾರೆನ್ಸ್‌ಗೆ ಎರಡು, ವೆನಿಸ್‌ಗೆ ಎರಡು. ವಿಮಾನ ರೋಮ್‌ಗೆ ಇಳಿದು ವೆನಿಸ್‌ನಿಂದ ಹೊರಡುವ ಹಾಗೆ ಇರಲಿ. ಹೋಗಿ ಬರುವುದು ಎರಡೂ ರೋಮ್‌ನಿಂದಲೇ ಎಂದಾದರೆ, ಕೊನೆಯ ದಿನದ ಬಹುಪಾಲು ವೆನಿಸ್‌ನಿಂದ ವಾಪಸ್ ಬರುವ ರೈಲಿಗೇ ಹೋಗುತ್ತದೆ.

ದಿನ ಎಷ್ಟು ಅನ್ನುವುದಕ್ಕಿಂತ ವಾರ ಯಾವುದು ಅನ್ನುವುದು ಇಲ್ಲಿ ಮುಖ್ಯ. ಹೆಚ್ಚಿನವರು ಎಡವುವುದು ಇಲ್ಲೇ. ಫ್ಲಾರೆನ್ಸ್‌ನ ಉಫಿಜಿ ಚಿತ್ರಶಾಲೆ, ಡೇವಿಡ್ ಶಿಲ್ಪ ಇರುವ ಅಕಾಡೆಮಿಯಾ, ರೋಮ್‌ನ ಬೊರ್ಗೆಸೆ ಗ್ಯಾಲರಿ, ಮೂರಕ್ಕೂ ಸೋಮವಾರ ರಜೆ. ವ್ಯಾಟಿಕನ್ ಮ್ಯೂಸಿಯಂಗೆ ಭಾನುವಾರ ರಜೆ. ತಿಂಗಳ ಕೊನೆಯ ಭಾನುವಾರ ಮಾತ್ರ ಅದು ಬೆಳಿಗ್ಗೆ ಉಚಿತವಾಗಿ ತೆರೆದಿರುತ್ತದೆ, ಆದರೆ ಅವತ್ತಿನ ಸಾಲಿನ ಉದ್ದ ನೋಡಿದರೆ ಉಚಿತ ಅನ್ನಿಸುವುದಿಲ್ಲ. ಬುಧವಾರ ಬೆಳಿಗ್ಗೆ ಪೋಪ್ ದರ್ಶನ ಇದ್ದರೆ ಅಲ್ಲಿನ ದೊಡ್ಡ ಚರ್ಚು ಸೇಂಟ್ ಪೀಟರ್ಸ್ ಬೆಸಿಲಿಕಾ ಒಳಗೆ ಬಿಡುವುದಿಲ್ಲ. ಸರ್ಕಾರಿ ಮ್ಯೂಸಿಯಂಗಳಿಗೆ ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ. ಅವತ್ತೂ ಅದೇ ಕಥೆ.

ಇಷ್ಟನ್ನೂ ಇಟ್ಟುಕೊಂಡು ಲೆಕ್ಕ ಹಾಕಿದರೆ ಬುಧವಾರ ಸಂಜೆ ರೋಮ್ ಸೇರುವುದು ಒಳ್ಳೆಯದು. ಗುರುವಾರ ಕೊಲೊಸಿಯಂ, ಅದರ ಪಕ್ಕದ ರೋಮನ್ ಫೋರಂ ಮತ್ತು ಪ್ಯಾಲಟೈನ್ ಗುಡ್ಡ. ಶುಕ್ರವಾರ ವ್ಯಾಟಿಕನ್. ಶನಿವಾರ ಬೆಳಿಗ್ಗೆ ಬೊರ್ಗೆಸೆ, ಆಮೇಲೆ ಪ್ಯಾಂಥಿಯನ್ ಎಂಬ ಪುರಾತನ ದೇಗುಲದ ಸುತ್ತಿನ ಹಳೆ ಊರು. ಭಾನುವಾರ ಬೆಳಿಗ್ಗೆ ರೈಲು, ಮಧ್ಯಾಹ್ನ ಉಫಿಜಿ. ಸೋಮವಾರ ಫ್ಲಾರೆನ್ಸ್ ಕೆಥೆಡ್ರಲ್‌ನ ಗುಮ್ಮಟ, ಊಟ ಮುಗಿಸಿ ಪೀಸಾ. ಮಂಗಳವಾರ ಬೆಳಿಗ್ಗೆ ಡೇವಿಡ್, ಮಧ್ಯಾಹ್ನದ ರೈಲಿಗೆ ವೆನಿಸ್. ಬುಧವಾರ ಇಡೀ ದಿನ ವೆನಿಸ್, ಗುರುವಾರ ವಿಮಾನ.

ಸಮಯ ನಿಗದಿ ಮಾಡಿ ಮೊದಲೇ ಕೊಳ್ಳಬೇಕಾದ ಟಿಕೆಟ್‌ಗಳು ಆರೇ: ಕೊಲೊಸಿಯಂ, ವ್ಯಾಟಿಕನ್ ಮ್ಯೂಸಿಯಂ, ಬೊರ್ಗೆಸೆ, ಉಫಿಜಿ, ಫ್ಲಾರೆನ್ಸ್ ಗುಮ್ಮಟ, ಅಕಾಡೆಮಿಯಾ. ದಿನಕ್ಕೆ ಒಂದಕ್ಕಿಂತ ಹೆಚ್ಚು ಬೇಡ. ಒಂದು ತಡವಾದರೆ ಮುಂದಿನದೂ ಕೈತಪ್ಪುತ್ತದೆ.

ಕೊಲೊಸಿಯಂನ ಸಾಮಾನ್ಯ ಟಿಕೆಟ್ 18 ಯೂರೊ. ಅಧಿಕೃತ ತಾಣದಲ್ಲಿ 30 ದಿನ ಮೊದಲು ಬಿಡುತ್ತಾರೆ, ಫೋರಂ ಮತ್ತು ಪ್ಯಾಲಟೈನ್ ಅದರಲ್ಲೇ ಸೇರಿವೆ. ಟಿಕೆಟ್ ಮೇಲೆ ಹೆಸರಿರುತ್ತದೆ, ಬಾಗಿಲಲ್ಲಿ ಪಾಸ್‌ಪೋರ್ಟ್ ಜೊತೆ ಹೋಲಿಸಿ ನೋಡುತ್ತಾರೆ. ಹಾಗಾಗಿ ಇಬ್ಬರ ಹೆಸರನ್ನೂ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ತುಂಬಿಸಿ. ಇನಿಷಿಯಲ್ ಬಿಡಿಸಿ ಬರೆದ ಹೆಸರಿದ್ದರೆ ಅದೇ ಇರಲಿ, ಮನೆಯಲ್ಲಿ ಕರೆಯುವ ಹೆಸರು ಬೇಡ.

ವ್ಯಾಟಿಕನ್ ಮ್ಯೂಸಿಯಂ 20 ಯೂರೊ, ಆನ್‌ಲೈನ್ ಕಾಯ್ದಿರಿಸಲು ಇನ್ನೊಂದು 5. ಆ 5 ಯೂರೊಗೆ ಕಂಜೂಸಿ ಮಾಡಬೇಡಿ, ಅದು ಗಂಟೆಗಟ್ಟಲೆ ಬಿಸಿಲಲ್ಲಿ ನಿಲ್ಲುವುದನ್ನು ತಪ್ಪಿಸುತ್ತದೆ. ಮ್ಯೂಸಿಯಂ ಬಾಗಿಲು ಇರುವುದು ಸೇಂಟ್ ಪೀಟರ್ಸ್ ಚೌಕದಲ್ಲಲ್ಲ. ಕೋಟೆ ಗೋಡೆಯನ್ನು ಬಳಸಿಕೊಂಡು ಕಾಲು ಗಂಟೆ ನಡೆಯಬೇಕು. ಮ್ಯೂಸಿಯಂ ಟಿಕೆಟ್ ಹಿಡಿದು ಬೆಸಿಲಿಕಾ ಸಾಲಿನಲ್ಲಿ ನಿಂತು ಸಮಯ ಕಳೆದುಕೊಳ್ಳುವವರು ದಿನವೂ ಇರುತ್ತಾರೆ. ಬೆಸಿಲಿಕಾಕ್ಕೆ ಟಿಕೆಟ್ಟೇ ಇಲ್ಲ, ತಪಾಸಣೆಯ ಸಾಲು ಮಾತ್ರ. ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಚೂಡಿದಾರ್, ದುಪಟ್ಟಾ ಇದ್ದರೆ ಯೋಚನೆಯೇ ಇಲ್ಲ.

ಬೊರ್ಗೆಸೆಗೆ ಎರಡೆರಡು ಗಂಟೆಯ ಪಾಳಿ. ಸಮಯ ಮುಗಿದ ಕೂಡಲೇ ಹೊರಗೆ ಕಳಿಸುತ್ತಾರೆ. ಚೀಲ ಕೆಳಗೆ ಒಪ್ಪಿಸಬೇಕು, ಅದಕ್ಕೆಂದೇ ಅರ್ಧ ಗಂಟೆ ಮೊದಲು ಹೋಗಿ. ಪ್ಯಾಂಥಿಯನ್‌ಗೆ 5 ಯೂರೊ. ಅದರ ಗುಮ್ಮಟದ ಅಡ್ಡಳತೆಯೂ ನೆಲದಿಂದ ಎತ್ತರವೂ ಒಂದೇ, ಸುಮಾರು 43.3 ಮೀಟರ್. ಕಬ್ಬಿಣದ ಸರಳು ಇಲ್ಲದ ಬರೀ ಕಾಂಕ್ರೀಟು. ನೆತ್ತಿಯ ಕಿಂಡಿ ತೆರೆದೇ ಇರುವುದರಿಂದ ಮಳೆ ನೇರ ಒಳಗೆ ಬೀಳುತ್ತದೆ. ಮಳೆ ಬರುತ್ತಿದ್ದರೆ ಆಗಲೇ ಹೋಗಿ, ನೆಲದ ಸಣ್ಣ ತೂತುಗಳಲ್ಲಿ ನೀರು ಇಳಿಯುವುದು ಕಾಣುತ್ತದೆ.

ಪ್ರಶ್ನೆ: ಅಣ್ಣನಿಗೆ ಮೊಣಕಾಲು ನೋವು. ನನಗೆ ಎಲ್ಲ ಗೋಪುರ ಹತ್ತುವ ಆಸೆ. ನಾನು ಹತ್ತಿದರೆ ಅವನು ಕೆಳಗೆ ಬೇಜಾರಾಗಿ ಕೂರಬೇಕಾಗುತ್ತದೆ. ಏನು ಮಾಡುವುದು?

ಉತ್ತರ: ಇಬ್ಬರೂ ಒಂದೇ ಟಿಕೆಟ್ ಕೊಳ್ಳಬೇಕು ಅಂತ ಯಾರು ಹೇಳಿದರು? ಫ್ಲಾರೆನ್ಸ್ ಕೆಥೆಡ್ರಲ್‌ನಲ್ಲಿ ಮೂರು ಬಗೆಯ ಪಾಸ್ ಇವೆ. 30 ಯೂರೊದ ಬ್ರುನೆಲೆಸ್ಕಿ ಪಾಸ್‌ನಲ್ಲಿ ಗುಮ್ಮಟ, ಗಂಟೆ ಗೋಪುರ, ಬ್ಯಾಪ್ಟಿಸ್ಟ್ರಿ (ದೀಕ್ಷಾಸ್ನಾನದ ಕಟ್ಟಡ), ಮ್ಯೂಸಿಯಂ ಎಲ್ಲವೂ ಇವೆ. 20 ಯೂರೊದ ಜೊತ್ತೊ ಪಾಸ್‌ನಲ್ಲಿ ಗುಮ್ಮಟ ಇಲ್ಲ. 15 ಯೂರೊದ ಗಿಬೆರ್ಟಿ ಪಾಸ್‌ನಲ್ಲಿ ಗುಮ್ಮಟವೂ ಇಲ್ಲ, ಗೋಪುರವೂ ಇಲ್ಲ. ನಿಮಗೆ ಮೊದಲನೆಯದು, ಅಣ್ಣನಿಗೆ ಕೊನೆಯದು.

ನೀವು 463 ಮೆಟ್ಟಿಲು ಹತ್ತುವ ಹೊತ್ತಿಗೆ ಅವರು ಕೆಥೆಡ್ರಲ್ ಹಿಂದಿನ ಮ್ಯೂಸಿಯಂನಲ್ಲಿ ತಂಪಾಗಿ ಇರಬಹುದು. ಬ್ಯಾಪ್ಟಿಸ್ಟ್ರಿಯ ಬಾಗಿಲಲ್ಲಿ ಜನ ಮುಗಿಬಿದ್ದು ಫೋಟೊ ತೆಗೆಯುವುದು ಶಿಲ್ಪಿ ಗಿಬೆರ್ಟಿ ಮಾಡಿದ ಚಿನ್ನದ ಲೇಪದ ಬಾಗಿಲಿನ ನಕಲನ್ನು. ಅಸಲಿ ಇರುವುದು ಈ ಮ್ಯೂಸಿಯಂ ಒಳಗೆ, ಜೊತೆಗೆ ಮೈಕೆಲೇಂಜೆಲೊ ಮುದಿ ವಯಸ್ಸಿನಲ್ಲಿ ಕಡೆದ ಪಿಯೆಟಾ ಶಿಲ್ಪ. ನಮ್ಮನ್ನು ಕೇಳಿದರೆ ಅಣ್ಣನ ಪಾಲೇ ಮೇಲು.

ಗುಮ್ಮಟದ ದಾರಿ ಅದರ ಒಳಗಿನ, ಹೊರಗಿನ ಎರಡು ಚಿಪ್ಪುಗಳ ನಡುವಿನ ಸಂದು. ಒಬ್ಬರು ಹೋಗುವಷ್ಟೇ ಅಗಲ, ಕೊನೆಯ ಭಾಗ ಕಡಿದು. ಲಿಫ್ಟ್ ಇಲ್ಲ. ಇಕ್ಕಟ್ಟಿನಲ್ಲಿ ಉಸಿರು ಕಟ್ಟುವವರು ಹೋಗಬಾರದು. ಕೊಂಡ ಸಮಯವನ್ನು ಬದಲಿಸಲು ಆಗುವುದಿಲ್ಲ.

ರೋಮ್‌ನ ಸೇಂಟ್ ಪೀಟರ್ಸ್ ಗುಮ್ಮಟಕ್ಕೆ ಲಿಫ್ಟ್ ಇದೆ ಅಂತ ನಂಬಿ ಅಣ್ಣನನ್ನು ಕರೆದೊಯ್ಯಬೇಡಿ. ಒಟ್ಟು 551 ಮೆಟ್ಟಿಲಲ್ಲಿ ಲಿಫ್ಟ್ ಉಳಿಸುವುದು 231 ಮಾತ್ರ. ಉಳಿದ 320 ಕಾಲಿನಲ್ಲೇ, ಅದೂ ಗೋಡೆ ವಾಲಿಕೊಂಡ ದಾರಿಯಲ್ಲಿ. ಅವರಿಗೆ ಎತ್ತರದ ನೋಟ ತೋರಿಸಬೇಕಾದ ಜಾಗ ವೆನಿಸ್. ಸಾನ್ ಮಾರ್ಕೊ ಚೌಕದ ಗಂಟೆ ಗೋಪುರ ಸುಮಾರು 99 ಮೀಟರ್ ಎತ್ತರ, ಲಿಫ್ಟ್ ಮೇಲಿನವರೆಗೂ ಹೋಗುತ್ತದೆ. ಹಳೆಯ ಗೋಪುರ 1902ರಲ್ಲಿ ಕುಸಿದು ಬಿದ್ದು, 1912ಕ್ಕೆ ಮತ್ತೆ ಕಟ್ಟಿದ್ದು ಇದು.

ಪ್ರಶ್ನೆ: ರೂಮು ಹುಡುಕುವಾಗ ಎಲ್ಲ ಕಡೆ ‘ಡಬಲ್’ ಎಂದೇ ಬರುತ್ತದೆ. ನಮಗೆ ಎರಡು ಮಂಚ ಬೇಕು.

ಉತ್ತರ: ‘ಮಾತ್ರಿಮೋನಿಯಾಲೆ’ ಎಂದಿದ್ದರೆ ಒಂದೇ ದೊಡ್ಡ ಮಂಚ. ಅಕ್ಷರಶಃ ದಂಪತಿಯ ಹಾಸಿಗೆ. ಬರೀ ‘ದೊಪ್ಪಿಯಾ’ ಎಂದಿದ್ದರೆ ಎರಡೂ ಆಗಬಹುದು. ಕಾಯ್ದಿರಿಸಿದ ಮೇಲೆ ಒಂದು ಸಾಲು ಬರೆದು ಕಳಿಸಿ: ‘ದುಯೆ ಲೆತ್ತಿ ಸಿಂಗೊಲಿ’, ಎರಡು ಒಂಟಿ ಮಂಚ. ಎಷ್ಟೋ ಕಡೆ ದೊಡ್ಡ ಮಂಚ ಎಂದರೆ ಎರಡು ಒಂಟಿ ಮಂಚಗಳನ್ನು ಜೋಡಿಸಿ ಒಂದೇ ಹೊದಿಕೆ ಹಾಸಿದ್ದಷ್ಟೇ. ಕೇಳಿದರೆ ಬೇರೆ ಮಾಡಿಕೊಡುತ್ತಾರೆ, ಆದರೆ ಮೊದಲೇ ಕೇಳಬೇಕು. ಹಳೆ ಕಟ್ಟಡದಲ್ಲಿ ಲಿಫ್ಟ್ ಇದೆಯೇ ಎಂಬುದನ್ನೂ ಅದೇ ಪತ್ರದಲ್ಲಿ ವಿಚಾರಿಸಿ. ಊರಿನ ತೆರಿಗೆ ಬೇರೆ, ಅದು ರೂಮಿಗಲ್ಲ, ತಲೆಗೆ. ರೋಮ್‌ನ ಮೂರು ಸ್ಟಾರ್ ಹೋಟೆಲಿನಲ್ಲಿ ಒಬ್ಬರಿಗೆ ರಾತ್ರಿಗೆ 6 ಯೂರೊ. ಇಬ್ಬರಿಗೆ ನಾಲ್ಕು ರಾತ್ರಿ ಅಂದರೆ 48 ಯೂರೊ ಕೊನೆಗೆ ಕೌಂಟರಿನಲ್ಲಿ ಕೇಳುತ್ತಾರೆ.

ಪ್ರಶ್ನೆ: ರೈಲು ನಮಗೆ ಅರ್ಥವಾಗುತ್ತದೆಯೇ?

ಉತ್ತರ: ಆಗುತ್ತದೆ, ಒಂದು ಗುಟ್ಟು ಗೊತ್ತಿದ್ದರೆ. ನಿಲ್ದಾಣದ ಹಲಗೆಯಲ್ಲಿ ರೈಲಿನ ಕೊನೆಯ ಊರಿನ ಹೆಸರು ಮಾತ್ರ ದೊಡ್ಡದಾಗಿ ಇರುತ್ತದೆ. ರೋಮ್‌ನಿಂದ ಫ್ಲಾರೆನ್ಸ್‌ಗೆ ಹೋಗುವ ರೈಲಿನ ಮುಂದೆ ‘ಮಿಲಾನೊ’ ಅಥವಾ ‘ವೆನೆಜಿಯಾ’ ಎಂದಿರಬಹುದು. ಫ್ಲಾರೆನ್ಸ್ ಹುಡುಕುತ್ತಾ ನಿಂತರೆ ರೈಲು ಹೋಗಿಯೇ ಬಿಡುತ್ತದೆ. ಟಿಕೆಟ್ ಮೇಲಿನ ರೈಲು ಸಂಖ್ಯೆ ಹಿಡಿದು ಹುಡುಕಿ. ಫ್ಲಾರೆನ್ಸ್ ಅಲ್ಲಿ ‘ಫಿರೆಂಜೆ’, ನಿಲ್ದಾಣ ಸಾಂತಾ ಮರಿಯಾ ನೊವೆಲ್ಲಾ. ‘ಬಿನಾರಿಯೊ’ ಎಂದರೆ ಪ್ಲಾಟ್‌ಫಾರಂ, ‘ರಿತಾರ್ದೊ’ ಎಂದರೆ ತಡ.

ವೇಗದ ರೈಲು ರೋಮ್‌ನಿಂದ ಫ್ಲಾರೆನ್ಸ್‌ಗೆ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ವೆನಿಸ್‌ಗೆ ಎರಡು ಗಂಟೆ ಮೇಲೆ ಸ್ವಲ್ಪ. ಟ್ರೆನಿಟಾಲಿಯಾ, ಇಟಾಲೊ ಎಂಬ ಎರಡು ಕಂಪನಿಗಳು ಓಡಿಸುತ್ತವೆ. ಬೇಗ ಕೊಂಡಷ್ಟು ಅಗ್ಗ, ಆದರೆ ತೀರಾ ಅಗ್ಗದ ಟಿಕೆಟ್ಟನ್ನು ಬದಲಿಸಲು, ರದ್ದು ಮಾಡಲು ಆಗದು. ಪೀಸಾಗೆ ಹೋಗುವುದು ಪ್ರಾದೇಶಿಕ ರೈಲು, ಸುಮಾರು ಒಂದು ಗಂಟೆ. ಇದರ ಕಾಗದದ ಟಿಕೆಟ್ಟನ್ನು ಹತ್ತುವ ಮೊದಲು ಪ್ಲಾಟ್‌ಫಾರಂ ಬಳಿಯ ಯಂತ್ರದ ಬಾಯಿಗೆ ತುರುಕಿ ಮುದ್ರೆ ಒತ್ತಿಸಬೇಕು. ಟಿಕೆಟ್ ಇದ್ದೂ ದಂಡ ಕಟ್ಟುವವರು ಇದನ್ನು ಮರೆತವರೇ. ಫೋನಿನಲ್ಲಿ ಕೊಂಡರೆ ಹತ್ತುವ ಮೊದಲು ಚೆಕ್-ಇನ್ ಒತ್ತಬೇಕು.

‘ಶೋಪೆರೊ’ ಎಂಬ ಪದ ಕಂಡರೆ ಅವತ್ತು ಮುಷ್ಕರ. ದಿನಾಂಕ ಮೊದಲೇ ಪ್ರಕಟವಾಗಿರುತ್ತದೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಪ್ರಾದೇಶಿಕ ರೈಲುಗಳನ್ನು ಓಡಿಸಲೇಬೇಕೆಂಬ ನಿಯಮ ಇದೆ.

ಇನ್ನು ವಿಮಾನ ನಿಲ್ದಾಣದ ಲೆಕ್ಕ. ರೋಮ್ ವಿಮಾನ ನಿಲ್ದಾಣ ಫಿಯುಮಿಚಿನೊದಿಂದ ಊರಿನ ಮುಖ್ಯ ರೈಲು ನಿಲ್ದಾಣ ಟೆರ್ಮಿನಿಗೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ ಒಬ್ಬರಿಗೆ 14 ಯೂರೊ, 32 ನಿಮಿಷ. ಹಳೆ ಕೋಟೆ ಗೋಡೆಯೊಳಗಿನ ಯಾವುದೇ ಹೋಟೆಲಿಗೆ ಟ್ಯಾಕ್ಸಿಯ ನಿಗದಿತ ದರ 55, ಅದು ಕಾರಿಗೆ, ತಲೆಗಲ್ಲ. ಇಬ್ಬರೇ ಇದ್ದರೆ ರೈಲು ಅಗ್ಗ. ರಾತ್ರಿ ತಡವಾಗಿ ದೊಡ್ಡ ಪೆಟ್ಟಿಗೆಗಳ ಜೊತೆ ಇಳಿದರೆ ಟ್ಯಾಕ್ಸಿಗೆ ಕೊಟ್ಟ ದುಡ್ಡು ದಂಡವಲ್ಲ.

ಪ್ರಶ್ನೆ: ವೆನಿಸ್‌ನಲ್ಲಿ ಒಳಗೆ ಹೋಗಲೂ ದುಡ್ಡು ಕೊಡಬೇಕಂತೆ, ನಿಜವೇ? ಗೊಂಡೊಲಾಗೆ ಎಷ್ಟು?

ಉತ್ತರ: 2024ರಿಂದ ಜನಜಂಗುಳಿಯ ಕೆಲವು ದಿನಗಳಲ್ಲಿ, ಬೆಳಿಗ್ಗೆ 8.30ರಿಂದ ಸಂಜೆ 4ರವರೆಗೆ ಬರುವವರಿಗೆ ಪ್ರವೇಶ ಶುಲ್ಕ ಇದೆ. ಅದು ಬಂದು ಅವತ್ತೇ ಹೋಗುವವರಿಗೆ. ರಾತ್ರಿ ತಂಗುವವರು ಕಟ್ಟಬೇಕಿಲ್ಲ, ಆದರೆ ವಿನಾಯಿತಿಯ ಕ್ಯೂಆರ್ ಕೋಡ್ ಮಾತ್ರ ಪಡೆದಿರಬೇಕು. ಮೆಸ್ತ್ರೆಯಲ್ಲಿ ತಂಗಿದರೂ ವಿನಾಯಿತಿ ಉಂಟು, ಅದೂ ವೆನಿಸ್ ನಗರಸಭೆಗೇ ಸೇರಿದೆ. ಈ ಮೆಸ್ತ್ರೆ ನೆಲದ ಮೇಲಿನ ಊರು, ವೆನಿಸ್‌‌ಗೆ ಒಂದು ನಿಲ್ದಾಣ ಮೊದಲು ಸಿಗುತ್ತದೆ. ದ್ವೀಪದ ನಿಲ್ದಾಣ ಸಾಂತಾ ಲುಚಿಯಾ. ಅವಸರದಲ್ಲಿ ಮೆಸ್ತ್ರೆಯಲ್ಲೇ ಇಳಿದುಬಿಡಬೇಡಿ.

ವಿಳಾಸ ಹಿಡಿದು ಹೋಟೆಲ್ ಹುಡುಕಲು ಹೋದರೆ ಸೋತಿರಿ. ಅಲ್ಲಿ ಮನೆ ಸಂಖ್ಯೆ ಬೀದಿಗಲ್ಲ, ಇಡೀ ಬಡಾವಣೆಗೆ. ಸಾವಿರಗಳಲ್ಲಿ ಇರುತ್ತದೆ. ಹತ್ತಿರದ ದೋಣಿ ನಿಲ್ದಾಣ ಯಾವುದು, ಅಲ್ಲಿಂದ ಎಷ್ಟು ಸೇತುವೆ ದಾಟಬೇಕು ಎಂದು ಹೋಟೆಲಿನವರನ್ನು ಕೇಳಿ. ಸೇತುವೆ ಎಂದರೆ ಮೆಟ್ಟಿಲು, ಚಕ್ರದ ಪೆಟ್ಟಿಗೆಯನ್ನು ಪ್ರತಿ ಸೇತುವೆಯಲ್ಲೂ ಎತ್ತಿ ಇಳಿಸಬೇಕು. ಇಬ್ಬರಿಗೂ ಒಂದೊಂದು ಸಣ್ಣ ಪೆಟ್ಟಿಗೆ ಸಾಕು.

ವಾಪೊರೆಟ್ಟೊ ಎಂಬ ದೋಣಿ ಬಸ್ಸಿಗೆ 75 ನಿಮಿಷಕ್ಕೆ 9.50 ಯೂರೊ, 24 ಗಂಟೆಗೆ 25. ದಿನಕ್ಕೆ ಮೂರು ಸಲ ಹತ್ತುವುದಾದರೆ ಪಾಸ್ ಲಾಭ. ಒಂದನೇ ನಂಬರಿನ ದೋಣಿ ಗ್ರ್ಯಾಂಡ್ ಕೆನಾಲ್ ಉದ್ದಕ್ಕೂ ನಿಧಾನವಾಗಿ ಹೋಗುತ್ತದೆ. ಸಂಜೆ ಹೊತ್ತು ಹೊರಗಿನ ಸೀಟು ಸಿಕ್ಕರೆ ಅದೇ ಗೊಂಡೊಲಾ ಅಂದುಕೊಳ್ಳಿ. ನಿಜವಾದ ಗೊಂಡೊಲಾ ಹಗಲು 30 ನಿಮಿಷಕ್ಕೆ 90 ಯೂರೊ, ಸಂಜೆ 7ರ ಮೇಲೆ 35 ನಿಮಿಷಕ್ಕೆ 110. ದರ ಇಡೀ ದೋಣಿಗೆ, ಐವರು ಕೂರಬಹುದು. ಸಾಲಿನಲ್ಲಿರುವ ಇನ್ನೊಂದು ಜೋಡಿಯನ್ನು ಕೇಳಿ ಹಂಚಿಕೊಳ್ಳಿ. ಬರೀ ಕೂತ ಅನುಭವ ಸಾಕೆಂದರೆ ಕಾಲುವೆ ದಾಟಿಸುವ ‘ತ್ರಾಗೆತ್ತೊ’ 2 ಯೂರೊ.

ಪ್ರಶ್ನೆ: ನಾವಿಬ್ಬರೂ ಶುದ್ಧ ಸಸ್ಯಾಹಾರಿಗಳು.

ಉತ್ತರ: ಹಸಿವಿನಿಂದ ಇರಬೇಕಾಗಿಲ್ಲ, ಆದರೆ ಪದಗಳು ಕೈಕೊಡುತ್ತವೆ. ಪಿಜ್ಜಾ ಮೇಲೆ ‘ಪೆಪೆರೋನಿ’ ಎಂದಿದ್ದರೆ ಹೆದರಬೇಡಿ, ಅಲ್ಲಿ ಅದು ದೊಣ್ಣೆ ಮೆಣಸಿನಕಾಯಿ. ಹೆದರಬೇಕಾದ್ದು ತರಕಾರಿ ಸೂಪಿಗೆ. ಅದರ ನೀರು ಮಾಂಸದ ಸಾರು ಇರಬಹುದು, ‘ಬ್ರೊದೊ ದಿ ಕಾರ್ನೆ?’ ಎಂದು ಕೇಳಿ. ‘ಅಚ್ಚೂಗೆ’ ಎಂದರೆ ಮೀನು. ಪಾರ್ಮೆಸಾನ್ ಗಿಣ್ಣಕ್ಕೆ ಹಾಲು ಹೆಪ್ಪುಗಟ್ಟಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ, ಅಷ್ಟು ಕಟ್ಟುನಿಟ್ಟಾದರೆ ‘ಸೆಂಜಾ ಫೊರ್ಮಾಜ್ಜೊ’ ಎನ್ನಿ. ಮರಿನಾರಾ ಪಿಜ್ಜಾದಲ್ಲಿ ಟೊಮೇಟೊ, ಬೆಳ್ಳುಳ್ಳಿ, ಓರೆಗಾನೊ ಅಷ್ಟೇ, ಗಿಣ್ಣವೇ ಇಲ್ಲ. ಫ್ಲಾರೆನ್ಸ್‌ನಲ್ಲಿ ಬ್ರೆಡ್ಡು, ಟೊಮೇಟೊ ಬೇಯಿಸಿದ ಪಾಪ್ಪಾ ಅಲ್ ಪೊಮೊದೊರೊ ಬಿಡಬೇಡಿ. ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗೆ ಒಂದೆರಡು ಯೂರೊ ಕಂಡರೆ ಮೋಸವಲ್ಲ, ಮೇಜಿನ ಬಾಬ್ತು. ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ದರ, ಕೂತರೆ ಇನ್ನೊಂದು.

ರೋಮ್‌ನಲ್ಲಿ ನೀರಿನ ಬಾಟಲಿ ಕೊಳ್ಳಬೇಡಿ. ಬೀದಿಬೀದಿಯಲ್ಲೂ ‘ನಸೋನೆ’ ಎಂಬ ಕಬ್ಬಿಣದ ನಲ್ಲಿ ದಿನವಿಡೀ ಸುರಿಯುತ್ತಿರುತ್ತದೆ, ಕುಡಿಯುವ ನೀರೇ. ಮೂತಿಯನ್ನು ಬೆರಳಿನಿಂದ ಅದುಮಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗಿ ನೇರ ಬಾಯಿಗೇ ಹಿಡಿಯಬಹುದು.

ಪ್ರಶ್ನೆ: ತಮ್ಮನಿಗೆ 16 ವರ್ಷ. ಅವನಿಗೆ ಟಿಕೆಟ್ ಬೇಕೇ?

ಉತ್ತರ: ಯಾವ ದೇಶದವರಾದರೂ ಸರಿ, 18 ತುಂಬದವರಿಗೆ ಸರ್ಕಾರಿ ಮ್ಯೂಸಿಯಂ, ಕೊಲೊಸಿಯಂ ಉಚಿತ. ಆದರೂ ಸಮಯ ಕಾಯ್ದಿರಿಸುವಾಗ ಅವನ ಹೆಸರಿನಲ್ಲಿ ಉಚಿತ ಟಿಕೆಟ್ ಹಾಕಿಸಿಕೊಳ್ಳಿ, ಬಾಗಿಲಲ್ಲಿ ಪಾಸ್‌ಪೋರ್ಟ್ ತೋರಿಸಿ. ವ್ಯಾಟಿಕನ್ ಬೇರೆಯೇ ದೇಶ, ಈ ನಿಯಮ ಅಲ್ಲಿಗಿಲ್ಲ. ತಂದೆ-ತಾಯಿ ಜೊತೆಗಿಲ್ಲದ ಕಾರಣ ವೀಸಾ ಅರ್ಜಿಗೆ ಇಬ್ಬರ ಒಪ್ಪಿಗೆ ಪತ್ರ ಬೇಕಾಗುತ್ತದೆ. ಅದರ ಒಂದು ಪ್ರತಿ ಪ್ರಯಾಣದಲ್ಲೂ ಕೈಚೀಲದಲ್ಲಿರಲಿ, ಲಗೇಜಿನಲ್ಲಲ್ಲ.